ಮೋಟರ್ ಎರಡು

ಊರಿಗೆ ಮೊದಲು ರೇಡಿಯೋ ಬಂದಾಗ ಪಟೇಲರ ಮನೆಯವರು ಅದನ್ನು ಜಗಲಿಯ ಮೇಲಿಟ್ಟು, ಮೇಲೊಂದು ಬಟ್ಟೆ ಹೊದಿಸಿ, ಆ ಬಟ್ಟೆ ತೆಗೆಯುವ ಅಧಿಕಾರವನ್ನು ಒಬ್ಬನೇ ಒಬ್ಬ ಆಳಿಗೆ ಕೊಟ್ಟಿದ್ದರು. ರೇಡಿಯೋ ಪಟೇಲರದೇ. ಆದರೆ ಆ ಆಳು ಸಂತೆಗೆ ಹೋದ ದಿನ ಪಟೇಲರಿಗೂ ವಾರ್ತೆ ಇರುತ್ತಿರಲಿಲ್ಲ. ವಸ್ತು ಯಾರದಾದರೇನು, ಬಟ್ಟೆ ತೆಗೆಯುವವನೇ ಯಜಮಾನ. ಈ ಮಾತು ಮುನಿರಾಜನಿಗೆ ಸಮಯಕ್ಕೆ ನೆನಪಾಗಿದ್ದರೆ ಅವನ ತಾಯಿಯ ಹುಣಸೇಹಣ್ಣು ನೆನೆಯುತ್ತಿರಲಿಲ್ಲ.

ಮುನಿರಾಜ್ ಹೊಸೂರಿನ ಸಿಪ್ಕಾಟ್ ಕೈಗಾರಿಕಾ ವಸಾಹತಿನಲ್ಲಿ ಒಂದು ಕಾರ್ಖಾನೆಯ ಸ್ಟೋರಿನ ಸೂಪರ್‌ವೈಸರ್. ಮತ್ತಿಗಿರಿ ದಾಟಿ ಕೆಲಮಂಗಲದ ಕಡೆ ಹೋದರೆ ಅವನ ಊರು. ಮನೆಯಲ್ಲಿ ಅಪ್ಪ ವೆಂಕಟರಾಮಪ್ಪ, ಅವ್ವ ಕೊಂಡಮ್ಮ, ಹೆಂಡತಿ ಶ್ಯಾಮಲಾ, ಹತ್ತನೇ ಕ್ಲಾಸಿನ ಮಗಳು ಚಂದ್ರಲೇಖಾ. ಮನೆಯ ಹಿಂದೆ ಎರಡು ಎಕರೆ ಗುಲಾಬಿ. ಗುಲಾಬಿಗೆ ಬೋರ್‌ವೆಲ್ಲು. ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಇತ್ತು: ಡಬ್ಬಿಯೊಳಗೆ ಒಂದು ಸಿಮ್ಮು, ಅದಕ್ಕೆ ಒಂದು ಮಿಸ್ ಕಾಲ್ ಕೊಟ್ಟರೆ ಮೋಟರ್ ಓಡುತ್ತದೆ, ಇನ್ನೊಂದು ಕೊಟ್ಟರೆ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಕೂತೇ ತೋಟಕ್ಕೆ ನೀರು ಬಿಡುವ ತನ್ನನ್ನು ಮುನಿರಾಜ್ ಒಳಗೊಳಗೇ ಒಬ್ಬ ಇಂಜಿನಿಯರ್ ಎಂದು ತಿಳಿದುಕೊಂಡಿದ್ದ.

ಇಂಥವನಿಗೆ ಹೋದ ವರ್ಷ ಐಫೋನಿನ ಹುಚ್ಚು ಹಿಡಿಯಿತು. ಕಾರ್ಖಾನೆಯ ಮ್ಯಾನೇಜರು ಮೀಟಿಂಗಿನಲ್ಲಿ ತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು, ಬೆನ್ನಿನ ಸೇಬು ಎಲ್ಲರಿಗೂ ಕಾಣಲಿ ಎಂದು. ಮುನಿರಾಜ್ ಬೋನಸ್ ಬಂದದ್ದೇ ಅತ್ತಿಬೆಲೆಗೆ ಹೋಗಿ ಸೆಕೆಂಡ್ ಹ್ಯಾಂಡಿನದೊಂದು ತಂದ. ತಂದವನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಲು ಹೋದಾಗ ಕೊಂಡಮ್ಮ ಕೈ ಹಿಡಿದಳು.

"ಯಾರೋ ಕಚ್ಚಿಬಿಟ್ಟಿರೋ ಹಣ್ಣು ಕಣಪ್ಪ ಇದು. ಎಂಜಲನ್ನ ದ್ಯಾವ್ರ ಮುಂದೆ ಇಕ್ಕಬ್ಯಾಡ."

ಅಪಶಕುನ ಅಲ್ಲಿಂದಲೇ ಶುರು. ಒತ್ತಿದ್ದೊಂದು, ತೆರೆದದ್ದೊಂದು. ಮ್ಯಾನೇಜರಿಗೆ ಹೋಗಬೇಕಾದ ಸ್ಟಾಕಿನ ಪಟ್ಟಿ ಹಾಲಿನ ಕದಿರಮ್ಮನಿಗೆ ಹೋಯಿತು, ಅವಳು ಮರುದಿನ ಬಂದು, "ಮುನ್ನೂರು ನಟ್ಟು ಬೋಲ್ಟು ನಾನೆಲ್ಲಿಂದ ತರ್ಲಿ ಮುನಿರಾಜಣ್ಣ?" ಎಂದು ಕೇಳಿದಳು. ಒಂಬತ್ತನೇ ದಿನ ಮುನಿರಾಜ್ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು, "ಇದನ್ನ ತಂದಿದ್ದೇ ಲೇಖಾ ಓದಿಗೆ" ಎಂದು ಘೋಷಿಸಿದ. ತಾನು ತನ್ನ ಹಳೆಯ ಆಂಡ್ರಾಯ್ಡಿಗೆ ಮರಳಿದ. ಆ ಹಳೆಯದಕ್ಕೆ ಕಿವಿ ಹೋಗಿತ್ತು. ಬಂದ ಕರೆಯನ್ನೆಲ್ಲ ಸ್ಪೀಕರಿನಲ್ಲಿ, ಬೀದಿಗೇ ಕೇಳುವಂತೆ ಮಾತಾಡಬೇಕು. ಆದರೂ ಅದು ಹೇಳಿದ ಮಾತು ಕೇಳುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಶಾಲೆಯಲ್ಲಿ ತಾಯಿತಂದೆಯರ ಸಭೆ ಸೇರಿತು. ಹೆಡ್‌ಮಿಸ್ಟ್ರೆಸ್ ಜಯಂತಿ ಟೀಚರ್ ದನಿ ಏರಿಸುವವರಲ್ಲ. ಏರಿಸದೆ ಹೇಳಿದರೇ ಹೆಚ್ಚು ಭಯ.

"ಗಣಿತದ ಪಾಠ ಎಲ್ಲ ಫೋನಲ್ಲಿ ಕಳಿಸ್ತಿದೀವಿ, ಅದಕ್ಕೆ ಫೋನ್ ಬ್ಯಾಡ ಅನ್ನಲ್ಲ. ಆದ್ರೆ ಫೋನ್ ಮಕ್ಕಳ ಕೈಲಿ ಇದ್ರೆ ಬೀಗದ ಕೈ ದೊಡ್ಡವರ ಫೋನಲ್ಲಿ ಇರಬೇಕು. ಎಷ್ಟೊತ್ತು ನೋಡ್ಬೋದು, ಯಾವಾಗ ಮುಚ್ಚಬೇಕು, ಎಲ್ಲ ನೀವೇ ಕಂಟ್ರೋಲ್ ಮಾಡ್ಬೇಕು. ಮಾಡಿದೀನಿ ಅಂತ ಈ ಫಾರಂಗೆ ಸೈನ್ ಹಾಕಿ. ಆಗಲ್ಲ ಅನ್ನೋರ ಮಕ್ಕಳ ಫೋನು ಪರೀಕ್ಷೆ ಮುಗಿಯೋವರ್ಗೂ ನನ್ನ ಬೀರುವಲ್ಲಿ ಇರ್ತದೆ."

ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾಗ ಮುನಿರಾಜ್ ಎದ್ದು ಹೋಗಿ ಮೊದಲ ಸಹಿ ಹಾಕಿದ.

"ನಮ್ಮದು ಆಗ್ಲೇ ಆಗ್ಯದೆ ಮೇಡಂ. ನಾನು ಮೋಟರನ್ನೇ ಫೋನಲ್ಲಿ ಕಂಟ್ರೋಲ್ ಮಾಡೋನು."

ಸಹಿ ಒಣಗುವ ಮೊದಲೇ ಅವನು ಮಗಳ ಐಫೋನನ್ನೂ ಹಿಡಿದು ಮತ್ತಿಗಿರಿಯ ಮುರುಗೇಶನ ಅಂಗಡಿಯಲ್ಲಿದ್ದ. ಮುರುಗೇಶ್ ಮೂವತ್ತು ವರ್ಷ ರೇಡಿಯೋ ಬಿಚ್ಚಿದವನು, ಹತ್ತು ವರ್ಷದಿಂದ ಮೊಬೈಲು ಬಿಚ್ಚುತ್ತಿದ್ದಾನೆ. ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟು, ಹೆಣ್ಣುಗಂಡಿನ ಜಾತಕ ನೋಡುವವನಂತೆ ನೋಡಿ ತಲೆಯಾಡಿಸಿದ.

"ಅಣ್ಣಾ, ಇದು ಕೂಡಿ ಬರಲ್ಲ. ನಿನ್ನ ಕೈಲಿರೋದು ಆಂಡ್ರಾಯ್ಡು. ಪಾಪನ ಕೈಲಿರೋದು ಐಫೋನು. ನಿನ್ನ ಫೋನಿಂದ ಅದರ ಬೀಗ ಹಾಕಕ್ಕಾಗಲ್ಲ."

"ಯಾಕಾಗಲ್ಲ? ಎರಡೂ ಫೋನೇ ತಾನೆ?"

"ಎರಡೂ ಮೋಟರೇ ಅಂತ ಸಿಂಗಲ್ ಫೇಸ್ ಸ್ಟಾರ್ಟರ್ ತಂದು ತ್ರೀ ಫೇಸಿಗೆ ಹಾಕ್ತೀಯಾ ಅಣ್ಣಾ?"

ಇದು ಮುನಿರಾಜನಿಗೆ ತಟ್ಟನೆ ಅರ್ಥವಾಯಿತು. ಮುರುಗೇಶ್ ಸುಲಭದ ದಾರಿಯನ್ನೂ ಹೇಳಿದ. "ತಿರುಗಿಸಿಬುಡು. ಐಫೋನ್ ನೀನು ಇಟ್ಕೋ, ಇದನ್ನ ಪಾಪಂಗೆ ಕೊಡು. ಐಫೋನಿಂದ ಆಂಡ್ರಾಯ್ಡಿಗೆ ಬೀಗ ಹಾಕ್ಬೋದು. ಆ ಕಡೆಯಿಂದ ಈ ಕಡೆಗೆ ಆಯ್ತದೆ, ಈ ಕಡೆಯಿಂದ ಆ ಕಡೆಗೆ ಆಗಲ್ಲ."

ಐಫೋನು ತನಗೆ ಬಗ್ಗಲಿಲ್ಲ ಎಂದು ಹೇಳುವುದು ಹೇಗೆ? ಮುನಿರಾಜ್ ಅಂಗಡಿಯ ಸೂರು ನೋಡುತ್ತ, "ಮಗೂಗೆ ಕೊಟ್ಟಿದ್ದನ್ನ ಈಸ್ಕೊಳ್ಳೋದು ನಮ್ಮ ವಂಶದಲ್ಲಿ ಇಲ್ಲ" ಎಂದ.

"ಹಂಗಾದ್ರೆ ಮನೇಲಿ ಐಫೋನ್ ಇರೋ ದೊಡ್ಡೋರು ಇನ್ಯಾರಾದ್ರೂ ಇದ್ದಾರಾ? ಕುಟುಂಬದ ಯಜಮಾನ ಅಂತ ಅವರನ್ನ ಹಾಕ್ತೀನಿ. ಅವರ ಫೋನಿಂದ ಬೀಗ ಹಾಕಿದ್ರೆ ಪಾಪನ ಫೋನ್ ಮುಚ್ಕೊಳ್ತದೆ."

ಇದ್ದರು. ಒಬ್ಬರೇ ಇದ್ದರು. ಅದೇ ತೊಂದರೆ.

ಶ್ಯಾಮಲಾಳ ತಮ್ಮ ಅಂಬರೀಶ್, ಜೂಜುವಾಡಿಯಲ್ಲಿ ಲಾರಿ ಬುಕಿಂಗ್ ಆಫೀಸು ಇಟ್ಟವನು. ಅಕ್ಕತಮ್ಮಂದಿರಿಗೆ ತಾಯಿತಂದೆ ಬೇಗ ಹೋಗಿದ್ದರಿಂದ ಶ್ಯಾಮಲಾ ಅವನನ್ನು ತುತ್ತು ಕೊಟ್ಟು ಬೆಳೆಸಿದವಳು. ಮೂರು ವರ್ಷದ ಹಿಂದೆ ಮುನಿರಾಜನ ಗೃಹಪ್ರವೇಶಕ್ಕೆ ರಸ್ತೆಯಲ್ಲಿ ಇಪ್ಪತ್ತಡಿ ಫ್ಲೆಕ್ಸ್ ನಿಲ್ಲಿಸಿದ್ದರು. ಮುನಿರಾಜನ ಮುಖ ಎತ್ತಿನ ಗಾಡಿಯ ಚಕ್ರದಷ್ಟು, ಅಣ್ಣತಮ್ಮಂದಿರದು ಮೊರದಷ್ಟು, ಅಂಬರೀಶನದು ಕೆಳಗಿನ ಮೂಲೆಯಲ್ಲಿ, ಪಾಸ್‌ಪೋರ್ಟ್ ಫೋಟೋದಷ್ಟು, ಶಾಮಿಯಾನ ಮತ್ತು ಸೌಂಡ್ ಸರ್ವಿಸಿನವರ ನಂಬರಿನ ಪಕ್ಕ. ಊಟದ ಹೊತ್ತಿಗೆ ಇಬ್ಬರು ಅಂಬರೀಶನ ಹತ್ತಿರ ಬಂದು ನಾಮಕರಣಕ್ಕೆ ಎರಡು ಸ್ಪೀಕರ್ ಬೇಕು ಎಂದರು. ಅವನು ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದ. ಮುನಿರಾಜನೂ ಸುಮ್ಮನಿರಲಿಲ್ಲ, "ಇದ್ದಷ್ಟು ಜಾಗದಲ್ಲಿ ಹಾಕಿದೀವಿ. ಇನ್ನು ಅವನ ಹೊಸ್ತಿಲು ತುಳಿದ್ರೆ ಕೇಳಿ" ಎಂದು ನೆಂಟರ ಮುಂದೆ ಹೇಳಿಬಿಟ್ಟ. ಶ್ಯಾಮಲಾ ಗಂಡನಿಗೂ ಏನೂ ಅನ್ನಲಿಲ್ಲ, ತಮ್ಮನಿಗೂ ಫೋನು ಮಾಡಲಿಲ್ಲ. ಯುಗಾದಿಗೆ ಒಬ್ಬಟ್ಟು ಮಾಡಿದಾಗ ಮಾತ್ರ ಎರಡನ್ನು ಬೇರೆ ಡಬ್ಬಿಯಲ್ಲಿ ತೆಗೆದಿಡುತ್ತಿದ್ದಳು. ಮೂರನೇ ದಿನ ಅದನ್ನು ಹಸುವಿಗೆ ಹಾಕುತ್ತಿದ್ದಳು. ಯಾಕೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಫೋನಿಗೆ ಗಾಜು ಹಾಕಿಸುತ್ತೇನೆ ಎಂದು ಮಗಳಿಂದ ಐಫೋನು ಇಸಿದುಕೊಂಡು ಮುನಿರಾಜ್ ಶನಿವಾರ ಜೂಜುವಾಡಿಗೆ ಹೋದ. ಪ್ರತಿಜ್ಞೆ ಪ್ರತಿಜ್ಞೆಯೇ, ಹೊಸ್ತಿಲ ಈಚೆ ಲಾರಿಗಳ ಧೂಳಿನಲ್ಲಿ ನಿಂತ. ಒಳಗೆ ಅಂಬರೀಶ್, ಅವನೆದುರು ಟೀ ಕುಡಿಯುತ್ತಿದ್ದ ಡ್ರೈವರ್ ಲಕ್ಷ್ಮೀಪತಿ. ಅಂಬರೀಶ್ ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿದ.

"ಲಕ್ಷ್ಮೀಪತಿ, ಬಂದೋರಿಗೆ ಏನ್ ಬೇಕಂತೆ ಕೇಳು. ಸ್ಪೀಕರ್ ಬೇಕಾದ್ರೆ ನಾವು ಬಾಡಿಗೆಗೆ ಕೊಡಲ್ಲ ಅಂತ ಹೇಳು."

"ಲಕ್ಷ್ಮೀಪತಣ್ಣ," ಎಂದ ಮುನಿರಾಜ್ ಹೊರಗಿನಿಂದ, "ನಾನು ಅವರತ್ರ ಬಂದಿಲ್ಲ ಅಂತ ಹೇಳಿ. ಅವರ ಫೋನ್ ಹತ್ರ ಬಂದಿದೀನಿ."

"ಅವರತ್ರ ಬಂದಿಲ್ವಂತೆ, ಫೋನ್ ಹತ್ರ ಬಂದವ್ರಂತೆ," ಎಂದ ಲಕ್ಷ್ಮೀಪತಿ, ಬಿಸ್ಕತ್ತು ಟೀಯಲ್ಲಿ ಅದ್ದುತ್ತ.

"ಕೇಳಿಸ್ತು. ನಮ್ಮ ಫೋನ್ ಹತ್ರ ಅವರಿಗೇನು ಕೆಲಸ ಅಂತ ಕೇಳು. ಫ್ಲೆಕ್ಸ್ ಫೋಟೋ ತೆಗೀಬೇಕಾ?"

"ಮಗೂ ಓದಿನ ವಿಷಯ ಅಂತ ಹೇಳಿ ಲಕ್ಷ್ಮೀಪತಣ್ಣ."

ಲಕ್ಷ್ಮೀಪತಿ ಬಾಯಿ ತೆರೆಯುವ ಮೊದಲೇ ಅಂಬರೀಶ್ ಎದ್ದು ನಿಂತಿದ್ದ. "ಲೇಖಾಗೇನಾಯ್ತು ಭಾವ?"

ಮಾತು ಬಾಯಿಂದ ಬಿದ್ದ ಮೇಲೆ ಇಬ್ಬರೂ ಅದು ಯಾರದೋ ಎಂಬಂತೆ ನಿಂತರು. ಲಕ್ಷ್ಮೀಪತಿಯ ಬಿಸ್ಕತ್ತು ಟೀಯೊಳಗೆ ಮುರಿದು ಬಿತ್ತು.

ಹೊಸ್ತಿಲ ಆಚೆ ಈಚೆ ಇದ್ದೇ ವ್ಯವಹಾರ ಮುಗಿಯಿತು. ಲೇಖಾಳ ಕಿವಿ ಚುಚ್ಚಿದ್ದು ಅಂಬರೀಶನ ತೊಡೆಯ ಮೇಲೆ. ಸೋದರಮಾವನ ತೊಡೆ ಇಲ್ಲದೆ ನಮ್ಮಲ್ಲಿ ಮಗುವಿನ ಕಿವಿಗೆ ಸೂಜಿ ತಾಗುವುದಿಲ್ಲ. ಈಗ ಅದೇ ಮಗುವಿನ ಫೋನಿಗೆ ಬೀಗ ಬೀಳಬೇಕಾದರೂ ಅದೇ ತೊಡೆ ಬೇಕಾಯಿತು. ಅಂಬರೀಶ್ ಎರಡು ಫೋನುಗಳನ್ನೂ ತೊಡೆಯ ಮೇಲಿಟ್ಟುಕೊಂಡು, ಮತ್ತಿಗಿರಿಯ ಮುರುಗೇಶನನ್ನು ಫೋನಿನಲ್ಲಿ ಕೇಳಿ ಕೇಳಿ, ಅರ್ಧ ಗಂಟೆಯಲ್ಲಿ ಕುಟುಂಬದ ಯಜಮಾನನಾದ. ರಾತ್ರಿ ಎಂಟಕ್ಕೆ ತಾನೇ ಮುಚ್ಚಿಕೊಳ್ಳುವಂತೆ ಇಡಬಹುದು ಎಂದು ಮುರುಗೇಶ್ ಹೇಳಿದ್ದ. ಮುನಿರಾಜ್ ಒಪ್ಪಲಿಲ್ಲ. ತಾನೇ ಮುಚ್ಚಿಕೊಂಡರೆ ಅಪ್ಪನಿಗೆ ಏನು ಬೆಲೆ?

"ನಾನು ಒಂದು ಮಿಸ್ ಕಾಲ್ ಕೊಡ್ತೀನಿ, ನೀನು ಮುಚ್ಚು. ಇನ್ನೊಂದು ಕೊಟ್ರೆ ತೆಗಿ. ನಮ್ಮ ಮೋಟರ್ ತರ. ನಾನು ಮಾತಾಡಲ್ಲ, ನೀನೂ ಮಾತಾಡಬ್ಯಾಡ. ನಿಮ್ಮಕ್ಕಂಗೆ ಗೊತ್ತಾಗಬಾರ್ದು."

"ನಾನೇನು ಕೆಲಸ ಇಲ್ದೋನಾ, ನಿಮ್ಮ ಮಿಸ್ ಕಾಲ್ ಕಾಯ್ಕೊಂಡು ಕೂರಕ್ಕೆ?" ಎಂದ ಅಂಬರೀಶ್. ಆದರೆ ಆವತ್ತಿನಿಂದ ಏಳೂಮುಕ್ಕಾಲಕ್ಕೆ ಅವನು ಯಾವ ಲಾರಿಯವರ ಕರೆಯನ್ನೂ ಎತ್ತುತ್ತಿರಲಿಲ್ಲ ಎಂದು ಲಕ್ಷ್ಮೀಪತಿ ಆಮೇಲೆ ಹೇಳಿದ.

ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಮುನಿರಾಜ್ ಆ ನಂಬರನ್ನು ತನ್ನ ಫೋನಿನಲ್ಲಿ 'ಮೋಟರ್ 2' ಎಂದು ಬರೆದುಕೊಂಡ. ಬೋರ್‌ವೆಲ್ಲಿನದು 'ಮೋಟರ್ 1' ಆಯಿತು.

ಅಲ್ಲಿಂದ ಅವನ ವೈಭವದ ದಿನಗಳು. ರಾತ್ರಿ ಎಂಟಕ್ಕೆ ಊಟದ ತಟ್ಟೆಯ ಮುಂದೆ ಕೂತು, ಮಂತ್ರ ಹಾಕುವವನಂತೆ ಕಣ್ಣು ಅರೆಮುಚ್ಚಿ, ಹಳೆಯ ಫೋನನ್ನು ಒಂದು ಸಲ ಒತ್ತುತ್ತಿದ್ದ. ಎದುರಿಗೆ ಮಗಳ ಕೈಯಲ್ಲಿ ಐಫೋನು ಬೂದುಬಣ್ಣಕ್ಕೆ ತಿರುಗುತ್ತಿತ್ತು.

"ಹೆಂಗಪ್ಪ ಮಾಡ್ತೀಯ?" ಎಂದು ಲೇಖಾ ಕೇಳಿದರೆ, "ಅದು ನಿಮ್ಮ ಸಿಲಬಸ್ಸಲ್ಲಿ ಬರಲ್ಲ" ಎನ್ನುತ್ತಿದ್ದ. ಅವಳು ತಟ್ಟೆಯ ಕಡೆ ಮುಖ ಬಗ್ಗಿಸಿ ನಗುತ್ತಿದ್ದಳು. ಒಂದೇ ಒಂದು ಕೊರತೆ: ಮುಚ್ಚಿದ ಫೋನು ಐದು ನಿಮಿಷಕ್ಕೆ ಮತ್ತೆ ತೆರೆದುಕೊಂಡು ಕಾಲುಗಂಟೆ ಎಚ್ಚರವಾಗಿರುತ್ತಿತ್ತು. ದಿನಾ ಹೀಗೇ. ಮುನಿರಾಜ್ ಇದನ್ನು ಸಿಗ್ನಲ್ಲಿನ ತೊಂದರೆ ಎಂದು ತೀರ್ಮಾನಿಸಿದ.

ಸುದ್ದಿ ಊರು ತುಂಬಿತು. ಕದಿರಮ್ಮ ಹಾಲು ಅಳೆಯುತ್ತ, "ಮುನಿರಾಜಣ್ಣ, ನಮ್ಮ ಯಜಮಾನಂಗೂ ಒಂದು ಬೀಗ ಹಾಕಪ್ಪ. ಹಾಲು ಕರಿಯೋ ಹೊತ್ತಲ್ಲಿ ಫೋನಲ್ಲಿ ಕುಸ್ತಿ ನೋಡ್ಕೊಂಡು ಹಸೂನೇ ಹಿಡ್ಕೊಂಡು ಉರುಳಾಡ್ತಾನೆ" ಎಂದಳು. ಅವಳ ಗಂಡ ಶಿವಣ್ಣ ಹಿಂದೆಯೇ ಬಂದು, "ಹಾಕಂಗಿದ್ರೆ ಅವಳ ಬಾಯಿಗೆ ಹಾಕು" ಎಂದು ಗುಟ್ಟಾಗಿ ಬೇಡಿಕೊಂಡ. ಮುನಿರಾಜ್ ಇಬ್ಬರಿಗೂ "ನೋಡಣ" ಎಂದ. ಆ ಒಂದು ಮಾತಿನಿಂದಲೇ ಶಿವಣ್ಣ ಎರಡು ದಿನ ಫೋನು ಮುಟ್ಟಲಿಲ್ಲವಂತೆ. ಶ್ಯಾಮಲಾ ಮಾತ್ರ ಒಂದು ದಿನ ಗಂಡನ ಫೋನು ಒರೆಸುತ್ತ ಕೇಳಿದಳು:

"ನಮಗೆ ಎಲ್ಡನೇ ಮೋಟರ್ ಎಲ್ಲಿಂದ ಬಂತು?"

"ಅದು ಸ್ಟಾಂಡ್‌ಬೈ," ಎಂದ ಮುನಿರಾಜ್. ಕಾರ್ಖಾನೆಯ ಮಾತು ಮನೆಯಲ್ಲಿ ಹೀಗೆ ಉಪಕಾರಕ್ಕೆ ಬರುತ್ತದೆ.

ಕೊನೆಗೆ ಸುದ್ದಿ ಶಾಲೆಗೂ ಹೋಯಿತು. ತಾಯಿತಂದೆಯರಲ್ಲಿ ಆರೇಳು ಜನ, ಮಕ್ಕಳದು ಒಂದು ಜಾತಿಯ ಫೋನು ತಮ್ಮದು ಇನ್ನೊಂದು, ಆಗುವುದೇ ಇಲ್ಲ ಎಂದು ಕೈಚೆಲ್ಲಿದ್ದರು. ಜಯಂತಿ ಟೀಚರ್ ಹೇಳಿ ಕಳಿಸಿದರು: "ಮಾರ್ಚ್ ಮೊದಲನೇ ಶುಕ್ರವಾರ ಹನ್ನೊಂದು ಗಂಟೆಗೆ ಸಭೆ ಇದೆ. ಕೃಷ್ಣಗಿರಿಯಿಂದ ಶಿಕ್ಷಣಾಧಿಕಾರಿ ಗೋಪಿನಾಥ್ ಸಾರ್ ಬರ್ತಾರೆ. ಮುನಿರಾಜ್ ಅವರು ಎಲ್ಲರ ಮುಂದೆ ಮಾಡಿ ತೋರಿಸಬೇಕು."

ಮುನಿರಾಜ್ ಆ ವಾರ ಎರಡು ಸಲ ತಲೆಗೂದಲಿಗೆ ಬಣ್ಣ ಹಾಕಿದ. ಜೂಜುವಾಡಿಗೆ ಹೋಗಿ ಹೊಸ್ತಿಲ ಈಚೆ ನಿಂತು, "ಶುಕ್ರವಾರ ಹನ್ನೊಂದು ಗಂಟೆ. ಒಂದು ಮಿಸ್ ಕಾಲ್. ಮರೀಬ್ಯಾಡ" ಎಂದು ಹೇಳಿ ಬಂದ.

ಶುಕ್ರವಾರ ಶಾಲೆಯ ಅಂಗಳದ ಶಾಮಿಯಾನದಲ್ಲಿ ಇನ್ನೂರು ಜನ ಸೇರಿದ್ದರು. ಎರಡನೇ ಸಾಲಿನಲ್ಲಿ ಶ್ಯಾಮಲಾ ಮತ್ತು ಕದಿರಮ್ಮ. ವೇದಿಕೆಯ ಒಂದು ತುದಿಯಲ್ಲಿ ಲೇಖಾ, ಐಫೋನನ್ನು ಎಲ್ಲರಿಗೂ ಕಾಣುವಂತೆ ಹಿಡಿದು. ನಡುವೆ ಮುನಿರಾಜ್, ಕನ್ನಡಕ ವೇದಿಕೆಗೆ ಒಪ್ಪುವುದಿಲ್ಲವೆಂದು ಅದನ್ನು ಬೈಕಿನ ಪೆಟ್ಟಿಗೆಯಲ್ಲೇ ಬಿಟ್ಟು ಬಂದವನು. ಗೋಪಿನಾಥ್ ಸಾರ್ ದೊಡ್ಡ ಆಸಕ್ತಿಯಿಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, "ಮೈಕನ್ನ ಅವರ ಫೋನ್ ಹತ್ರ ಹಿಡೀರಿ ಟೀಚರ್, ಏನಾದ್ರೂ ಶಬ್ದ ಬಂದ್ರೆ ಎಲ್ಲರಿಗೂ ಕೇಳಲಿ" ಎಂದರು.

ಮುನಿರಾಜ್ ಭಾಷಣ ಮಾಡಿದ. ಎತ್ತಿಗೆ ಮೂಗುದಾರ, ಬಾವಿಗೆ ಕಟ್ಟೆ, ಮಕ್ಕಳಿಗೆ ತಂದೆ ಎಂದ. ಚಪ್ಪಾಳೆ ಬಿತ್ತು. ಫೋನನ್ನು ತಲೆಯ ಎತ್ತರಕ್ಕೆ ಎತ್ತಿ, ಇಳಿಸಿ, ಕಣ್ಣು ಕಿರಿದು ಮಾಡಿ, ಒತ್ತಿದ.

ಲೇಖಾಳ ಫೋನು ಹಾಗೇ ಬೆಳಗುತ್ತಿತ್ತು.

"ಸಿಗ್ನಲ್ಲು," ಎಂದ ಮುನಿರಾಜ್, ಮತ್ತೆ ಒತ್ತಿದ. ಬೆಳಕು ಹೋಗಲಿಲ್ಲ. ಹಣೆ ಒರೆಸಿಕೊಂಡು ಮೂರನೇ ಸಲ ಒತ್ತಿದ. ಗೋಪಿನಾಥ್ ಸಾರ್ ಒಮ್ಮೆ ಲೇಖಾಳ ಫೋನಿನ ಕಡೆ, ಒಮ್ಮೆ ಗಡಿಯಾರದ ಕಡೆ ನೋಡಿದರು. ಅಷ್ಟರಲ್ಲಿ ಮುನಿರಾಜನ ಫೋನೇ ಹೊಡೆದುಕೊಳ್ಳತೊಡಗಿತು. ಗಾಬರಿಯಲ್ಲಿ ಅವನು ಎತ್ತಿದ. ಮೈಕು ಅಲ್ಲೇ ಇತ್ತು. ವೆಂಕಟರಾಮಪ್ಪನ ದನಿ ಶಾಲೆಯ ನಾಲ್ಕು ಸ್ಪೀಕರುಗಳಿಂದಲೂ ಹೊರಟಿತು.

"ಲೇ ಮುನಿರಾಜ, ಮೋಟರ್ ಯಾಕ್ಲಾ ಬಿಟ್ಟೆ? ನಿಮ್ಮವ್ವ ಖಾಲಿ ತೊಟ್ಟಿಯೊಳಗೆ ಹುಣಸೇಹಣ್ಣು ಒಣಗಾಕಿ ಕೂತವಳೆ ಕಣ್ಲಾ. ನಿಂತೋಯ್ತು ಅಂತ ಬಳ್ಕೊಳ್ಳಕ್ಕೆ ಬಗ್ಗಿದ್ಲು, ಮತ್ತೆ ಬಿಟ್ಬುಟ್ಟೆ. ಮೊಣಕಾಲಿಗೆ ಬಂದದೆ ನೀರು."

ಹಿಂದಿನಿಂದ ಕೊಂಡಮ್ಮನ ದನಿಯೂ ಬಂತು. "ಸಾರು ಇಲ್ಲೇ ಮಾಡ್ಬುಡ್ಲಾ ಅಂತ ಕೇಳಿ ಅವನ್ನ. ಹುಳಿ ಆಗ್ಲೇ ಕದಡಿ ಆಗ್ಯದೆ."

ಇನ್ನೂರು ಜನ ನಕ್ಕರು. ಶಿವಣ್ಣ ಕುರ್ಚಿಯಿಂದ ಜಾರಿ ಕೂತು ನಕ್ಕ. ಮುನಿರಾಜ್ ಮೋಟರ್ 1ನ್ನು ಇನ್ನೊಮ್ಮೆ ಒತ್ತಿ ತಾಯಿಯ ಪ್ರಾಣ ಉಳಿಸಿದ. ತಾನು ಮಾಡಿದ ತಪ್ಪು ಈಗ ಅವನಿಗೆ ಹೊಳೆದಿತ್ತು. ಕೆಳಗಿನ ಸಾಲನ್ನು, ಮೋಟರ್ 2ನ್ನು, ಹುಡುಕುತ್ತಿದ್ದಾಗಲೇ ಆ ಮೋಟರ್ 2 ತಾನಾಗಿ ಕರೆ ಮಾಡಿತು. ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು; ಅಲ್ಲಿ ಕಾಯುತ್ತಿದ್ದವನಿಗೆ ತಡೆಯಲಾಗಲಿಲ್ಲ. ಕತ್ತರಿಸಲು ಹೋದ ಮುನಿರಾಜ್, ಕನ್ನಡಕವಿಲ್ಲದ ಕಣ್ಣಿನಲ್ಲಿ, ಹಸಿರನ್ನೇ ಒತ್ತಿದ.

"ಭಾವ, ಮಿಸ್ ಕಾಲೇ ಬರ್ಲಿಲ್ಲ. ಲೇಖಾ ಫೋನ್ ಮುಚ್ಲಾ ಬ್ಯಾಡ್ವಾ? ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?"

ನಗು ನಿಂತಿತು. ಗೋಪಿನಾಥ್ ಸಾರ್ ಹುಬ್ಬೇರಿಸಿ, ಮಾತಾಡುತ್ತಿರುವುದು ಯಾರು ಎಂದು ಅಭ್ಯಾಸದ ತಮಿಳಿನಲ್ಲೇ ಕೇಳಿದರು: "ಯಾರು ಪೇಸುರದು?"

"ಮೋಟರ್ ಸಾರ್," ಎಂದ ಮುನಿರಾಜ್.

ಎರಡನೇ ಸಾಲಿನಲ್ಲಿ ಶ್ಯಾಮಲಾ ಎದ್ದು ನಿಂತಿದ್ದಳು. ಯಾರನ್ನೂ ನೋಡದೆ ನಡೆದು ಬಂದು, ವೇದಿಕೆ ಹತ್ತಿ, ಗಂಡನ ಕೈಯಿಂದ ಫೋನು ತೆಗೆದುಕೊಂಡಳು. ಮುನಿರಾಜ್ ಕಣ್ಣು ಮುಚ್ಚಿಕೊಂಡ. ಇನ್ನು ಏನು ಬೇಕಾದರೂ ಆಗಬಹುದು ಎಂದುಕೊಂಡ.

"ಅಂಬಿ," ಎಂದಳು ಶ್ಯಾಮಲಾ.

ಫೋನಿನಲ್ಲಿ ಲಾರಿಯೊಂದು ಹಾರನ್ ಹೊಡೆದು ಹೋದದ್ದು ಕೇಳಿಸಿತು.

"ಅಕ್ಕಾ?"

"ಊಟ ಆಯ್ತೇನೋ?"

ಬೆಳಗಿನ ಹನ್ನೊಂದು ಗಂಟೆಗೆ ಯಾರದೂ ಊಟ ಆಗಿರುವುದಿಲ್ಲ.

"ಇಲ್ಲ ಕಣಕ್ಕ."

ಕದಿರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋಪಿನಾಥ್ ಸಾರ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದರು. ಆಗ ಮಾತಾಡಿದವಳು ಲೇಖಾ.

"ಸಾರ್, ಬೀಗದ ಕೈ ನಮ್ಮ ಮಾವನ ಹತ್ರ ಅದೆ. ನಂಗೆ ಮೊದಲನೇ ದಿನದಿಂದ ಗೊತ್ತು. ಫೋನ್ ಮುಚ್ಚಿದ ಮೇಲೆ, ಇನ್ನೂ ಟೈಮ್ ಬೇಕು ಅಂತ ಕೇಳಿದ್ರೆ ಅದು ಮಾವನಿಗೇ ಹೋಗ್ತದೆ. ಮಾವ ದಿನಾ ಹದಿನೈದು ನಿಮಿಷ ಕೊಡ್ತಾರೆ."

"ಹಾಗಾದ್ರೆ ದಿನಾ ಕಾಲುಗಂಟೆ ಹೆಚ್ಚಿಗೆ ನೋಡ್ತಿದ್ದೆ," ಎಂದರು ಜಯಂತಿ ಟೀಚರ್.

"ನೋಡ್ತಿರ್ಲಿಲ್ಲ ಮೇಡಂ. ಕೇಳ್ತಿದ್ದೆ, ಅಷ್ಟೆ. ಕೊಟ್ರು ಅಂದ್ರೆ ಮಾವ ಆ ಕಡೆ ಅವ್ರೆ ಅಂತ."

ಮುನಿರಾಜ್ ಆಗ ಮೊದಲ ಸಲ ಆ ಸಿಗ್ನಲ್ಲಿನ ತೊಂದರೆಯನ್ನು ಅರ್ಥ ಮಾಡಿಕೊಂಡ. ಎಲ್ಲರ ಮುಂದೆ ನಿಂತು, ದನಿ ಇಳಿಸಿ, "ತಪ್ಪಾಯ್ತು ಮೇಡಂ. ಫಾರಂಗೆ ಸುಳ್ಳು ಸೈನ್ ಹಾಕಿದೆ. ಆ ಐಫೋನು ನನ್ನ ಕೈಗೆ ಬಗ್ಗಲೇ ಇಲ್ಲ" ಎಂದ. ಲೇಖಾ ಐಫೋನನ್ನು ಜಯಂತಿ ಟೀಚರ ಮುಂದೆ ಮೇಜಿನ ಮೇಲೆ ಇಟ್ಟಳು, ಬೀರುವಿಗೆ ಹೋಗಲಿ ಎಂದು.

ಟೀಚರ್ ಗೋಪಿನಾಥ್ ಸಾರನ್ನು ನೋಡಿದರು. ಅವರು ಫಾರಂ ತರಿಸಿ, ಪೆನ್ನು ತೆಗೆದು, ಒಂದು ಸಾಲು ಹೊಡೆದು ಹಾಕಿ ಬರೆದರು. "ಫೋನು ಸೋದರಮಾವನ ಹತೋಟಿಯಲ್ಲಿದೆ. ಇದು ನಿಯಮಕ್ಕೆ ಸರಿಯಾಗ್ತದೆ. ನನ್ನ ಕಿವಿ ಚುಚ್ಚಿದ್ದೂ ನಮ್ಮ ಮಾವನ ತೊಡೆ ಮೇಲೇನೇ," ಎಂದರು. ಟೀಚರ್ ಫೋನನ್ನು ಲೇಖಾಳ ಕೈಗೆ ಕೊಟ್ಟು ಮುನಿರಾಜನ ಕಡೆ ತಿರುಗಿದರು. "ನಿಮ್ಮ ಫೋನಿನ ಕಂಟ್ರೋಲ್ ಮಾತ್ರ ನಿಮ್ಮ ಮಗಳಿಗೆ ಕೊಟ್ಬಿಡಿ."

ಭಾನುವಾರ ಅಂಬರೀಶ್ ಬಂದ. ಬಾಗಿಲ ತನಕ ಬಂದವನು ಅಂಗಳದಲ್ಲೇ ನಿಂತುಬಿಟ್ಟ. ನೆನೆದ ಹುಣಸೇಹಣ್ಣನ್ನು ಕೊಂಡಮ್ಮ ಮತ್ತೆ ಒಣಗಲು ಹಾಕಿದ್ದಳು; ಅದರ ಕೆಳಗೆ ಹಾಸಿದ್ದು ಕೊಟ್ಟಿಗೆಯ ಮೇಲೆ ಮೂರು ವರ್ಷ ಮಳೆ ತಡೆದ ಆ ಗೃಹಪ್ರವೇಶದ ಫ್ಲೆಕ್ಸು. ಅಣ್ಣತಮ್ಮಂದಿರ ಮೇಲೆ ಹುಣಸೇಹಣ್ಣು. ಮುನಿರಾಜನ ಚಕ್ರದಂಥ ಮುಖದ ಮೇಲೆ ಗಲ್ಲದಿಂದ ಹಣೆಯ ತನಕ ಹುಣಸೇಹಣ್ಣು. ಕೆಳಗಿನ ಮೂಲೆಯಲ್ಲಿ ಒಂದಿಷ್ಟು ಜಾಗ ಮಾತ್ರ ಒರೆಸಿ ಬಿಟ್ಟಿತ್ತು. ಅಲ್ಲಿ ಸೌಂಡ್ ಸರ್ವಿಸಿನ ನಂಬರಿನ ಪಕ್ಕ ಅಂಬರೀಶ್ ನಗುತ್ತಿದ್ದ.

"ಅಮ್ಮಾ, ಇದೊಂದು ಯಾಕೆ ಬಿಟ್ರಿ?" ಎಂದು ಕೇಳಿದ.

"ಉಣ್ಣದೆ ಎದ್ದು ಹೋದೋನ ಮೊಕಕ್ಕೆ ಹುಳಿ ಹಾಕ್ತಾರೇನಪ್ಪ?" ಎಂದಳು ಕೊಂಡಮ್ಮ. "ಒಳಗೆ ನಡಿ. ಎಲೆ ಹಾಕವಳೆ."

ಒಬ್ಬಟ್ಟು ಎರಡಲ್ಲ, ಆರು ಬಿದ್ದವು. ಶ್ಯಾಮಲಾ ಎಲೆಯಲ್ಲಿ ಜಾಗ ಕಂಡ ಕಡೆ ತುಪ್ಪ ಬಿಟ್ಟಳು. ಊಟ ಮುಗಿದು ಎಲೆಅಡಿಕೆ ಹಾಕಿಕೊಂಡು ಎಲ್ಲರೂ ಕೂತಾಗ, ಎಲ್ಲವೂ ಸುಸೂತ್ರವಾಗಿದ್ದಾಗ, ಅಂಬರೀಶ್ ಭಾವನ ಹಳೆಯ ಫೋನನ್ನು ಸುಮ್ಮನೆ ಕೈಗೆತ್ತಿಕೊಂಡ. ಅವನ ಮುಖ ಸಣ್ಣದಾಯಿತು.

"ಭಾವ."

"ಏನಪ್ಪ?"

"ನನ್ನ ಹೆಸರು ಮೋಟರ್ 2 ಅಂತ ಹಾಕಿದೀರ."

"ಹೂಂ. ನಿಮ್ಮಕ್ಕಂಗೆ ಗೊತ್ತಾಗ್ಬಾರ್ದು ಅಂತ."

"ಅದು ಸರಿ. ಮೋಟರ್ 1 ಅಂತ ಹಾಕ್ಬೋದಿತ್ತಲ್ಲ. ಇಲ್ಲೂ ನಾನು ಬೋರ್‌ವೆಲ್ಲಿಗಿಂತ ಕೆಳಗೇನಾ?"

ವೆಂಕಟರಾಮಪ್ಪ ಅಗಿಯುವುದನ್ನು ನಿಲ್ಲಿಸಿದ. ಮುನಿರಾಜ್ ಬಾಯಿ ತೆರೆದ. 'ಇದ್ದಷ್ಟು ಜಾಗದಲ್ಲಿ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಮನೆಯವರಿಗೆಲ್ಲ ಕಾಣಿಸಿತು. ಶ್ಯಾಮಲಾ ಎದ್ದು ಬಂದು ಫೋನು ಕಿತ್ತುಕೊಂಡು ಮಗಳ ಕೈಗೆ ಕೊಟ್ಟಳು. ಲೇಖಾ ಎರಡು ಕ್ಷಣದಲ್ಲಿ ಮಾವನನ್ನು ಒಂದನೇ ಮೋಟರ್ ಮಾಡಿದಳು, ಬೋರ್‌ವೆಲ್ಲನ್ನು ಎರಡನೆಯದು. ಅಂಬರೀಶ್ ನೋಡಿ, ಇನ್ನೊಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಬಸ್ಸಿನಲ್ಲಿ ಕೂತು ಮುನಿರಾಜ್ ಎಂದಿನಂತೆ ಮೊದಲ ಸಾಲನ್ನು ಒತ್ತಿದ. ಗುಲಾಬಿಗೆ ನೀರು ಬರಲಿಲ್ಲ. ಮನೆಯಲ್ಲಿ ಗಣಿತದ ಪಾಠ ನೋಡುತ್ತಿದ್ದ ಲೇಖಾಳ ಫೋನು ಬೂದುಬಣ್ಣಕ್ಕೆ ತಿರುಗಿತು. ಅವಳು ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದಳು:

"ಅವ್ವಾ, ಮಾವನಿಗೆ ಫೋನ್ ಮಾಡು. ಹಂಗೇ ತಿಂಡಿ ಆಯ್ತಾ ಅಂತ ಕೇಳು."